ಮೆತ್ತಗಾದ ಬ್ರೇಕ್ ಪೆಡಲ್: 15 ವರ್ಷ ಯಾರೂ ಕೇಳದ ಪ್ರಶ್ನೆ

ಘಟ್ಟದ ರಸ್ತೆಗಳಿಂದ ಬರುವ ಅಪಘಾತದ ಸುದ್ದಿಗಳಲ್ಲಿ ಒಂದು ವಾಕ್ಯ ಮಾತ್ರ ದಶಕಗಳಿಂದಲೂ ಬದಲಾಗಿಲ್ಲ. 'ಬ್ರೇಕ್ ವೈಫಲ್ಯದಿಂದ ಚಾಲಕನ ನಿಯಂತ್ರಣ ತಪ್ಪಿದ ವಾಹನ ಕಂದಕಕ್ಕೆ ಉರುಳಿತು' ಎಂಬುದೇ ಆ ವಾಕ್ಯ. ಶಿರಾಡಿಯಾಗಲಿ, ಚಾರ್ಮಾಡಿಯಾಗಲಿ, ಆಗುಂಬೆಯಾಗಲಿ, ಊರಿನ ಹೆಸರು ಬದಲಾಗುತ್ತದೆಯೇ ಹೊರತು ಕಾರಣ ಬದಲಾಗುವುದಿಲ್ಲ. ಸಿಡಿಲು ಬಡಿದಂತೆ, ಮರ ಬಿದ್ದಂತೆ, ಬ್ರೇಕ್ ಕೂಡ ಇದ್ದಕ್ಕಿದ್ದಂತೆ 'ಫೇಲ್' ಆಯಿತು ಎಂಬ ಭಾವನೆಯನ್ನು ಈ ವಾಕ್ಯ ಓದುಗರಲ್ಲಿ ಮೂಡಿಸುತ್ತದೆ.

ವಾಸ್ತವ ಬೇರೆಯೇ ಇದೆ. ಕಾರಿನ ಹೈಡ್ರಾಲಿಕ್ ಬ್ರೇಕ್ ಮುನ್ಸೂಚನೆ ಕೊಡದೆ ಕೈಕೊಡುವುದು ಅಪರೂಪ. ಬಹಳಷ್ಟು ಸಂದರ್ಭಗಳಲ್ಲಿ ವಾರಗಳ ಮೊದಲೇ, ಕೆಲವೊಮ್ಮೆ ತಿಂಗಳುಗಳ ಮೊದಲೇ, ಚಾಲಕನ ಬಲಗಾಲಿಗೆ ಅದರ ಸುಳಿವು ಸಿಕ್ಕಿರುತ್ತದೆ. ಪೆಡಲ್ ಮೊದಲಿಗಿಂತ ಕೆಳಗಿಳಿಯುತ್ತದೆ. ಒತ್ತಿದರೆ ಗಟ್ಟಿಯಾಗಿ ನಿಲ್ಲದೆ ಸ್ಪಂಜಿನಂತೆ ಮೆತ್ತಗೆ ಕುಸಿಯುತ್ತದೆ. ಇದನ್ನು ಗಮನಿಸುವ ಹೊಣೆ ಚಾಲಕನದು, ಸರಿಪಡಿಸುವ ಹೊಣೆ ಗ್ಯಾರೇಜಿನದು, ಪರಿಶೀಲಿಸುವ ಹೊಣೆ ಸರ್ಕಾರದ್ದು. ಮೂರು ಹಂತಗಳಲ್ಲೂ ಈ ಸೂಚನೆ ಕಡೆಗಣಿಸಲ್ಪಡುತ್ತಿರುವುದೇ ನಿಜವಾದ ಸಮಸ್ಯೆ.

ಪೆಡಲ್ ಹೇಳುವುದೇನು?

ಕಾರಿನ ಬ್ರೇಕ್ ಕೆಲಸ ಮಾಡುವುದು ಒಂದು ಸರಳ ತತ್ವದ ಮೇಲೆ. ದ್ರವವನ್ನು ಅದುಮಿ ಕುಗ್ಗಿಸಲು ಸಾಧ್ಯವಿಲ್ಲ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಉಂಟುಮಾಡುವ ಒತ್ತಡ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ತಲಪುತ್ತದೆ. ಡಿಸ್ಕ್ ಬ್ರೇಕ್ ಇರುವ ಕಡೆ ಪ್ಯಾಡುಗಳು ತಟ್ಟೆಯನ್ನು ಹಿಡಿದರೆ, ಡ್ರಮ್ ಬ್ರೇಕ್ ಇರುವ ಕಡೆ ಶೂಗಳು ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುತ್ತವೆ. ಆದರೆ ಅನಿಲವನ್ನು ಕುಗ್ಗಿಸಬಹುದು. ಕೊಳವೆಯೊಳಗೆ ಗಾಳಿಯ ಅಥವಾ ಆವಿಯ ಗುಳ್ಳೆ ಸೇರಿದರೆ, ಕಾಲಿನ ಶ್ರಮವೆಲ್ಲ ಆ ಗುಳ್ಳೆಯನ್ನು ಅದುಮುವುದಕ್ಕೇ ವ್ಯಯವಾಗುತ್ತದೆ. ಚಕ್ರಕ್ಕೆ ತಲಪಬೇಕಾದ ಒತ್ತಡ ದಾರಿಯಲ್ಲೇ ಕಳೆದುಹೋಗುತ್ತದೆ.

ಪೆಡಲ್ ಮೆತ್ತಗಾದ ಮಾತ್ರಕ್ಕೆ ಕಾರಣ ಒಂದೇ ಎಂದು ಭಾವಿಸಬೇಕಾಗಿಲ್ಲ. ರೋಗಲಕ್ಷಣಗಳನ್ನು ಪ್ರತ್ಯೇಕಿಸಿ ನೋಡಿದರೆ ಕಾರಣ ತಾನಾಗಿಯೇ ಹೊರಬೀಳುತ್ತದೆ. ಇದಕ್ಕೆ ಯಂತ್ರೋಪಕರಣ ಬೇಕಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿದ ಕಾರು ಮತ್ತು ಐದು ನಿಮಿಷದ ತಾಳ್ಮೆ ಸಾಕು.

ಮೊದಲನೆಯದಾಗಿ, ಪೆಡಲನ್ನು ಬೇಗಬೇಗನೆ ಮೂರ್ನಾಲ್ಕು ಬಾರಿ ಒತ್ತಿ ಬಿಟ್ಟಾಗ ಅದು ಮೇಲೇರುತ್ತ ಬಂದು ಗಟ್ಟಿಯಾಗಿ ನಿಂತರೆ, ಹಿಂದಿನ ಡ್ರಮ್ ಬ್ರೇಕಿನ ಶೂಗಳು ಸವೆದು ಅಂತರ ಹೆಚ್ಚಿರುವ ಸಾಧ್ಯತೆ ಇದೆ. ಮೇಲೇರಿದರೂ ಸ್ಪಂಜಿನ ಗುಣ ಹೋಗದಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ ಎಂದರ್ಥ. ಇದನ್ನೇ ಮೆಕ್ಯಾನಿಕ್‌ಗಳು 'ಏರ್ ಹಿಡಿದಿದೆ' ಎನ್ನುವುದು.

ಎರಡನೆಯದಾಗಿ, ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ನಿಧಾನವಾಗಿ ನೆಲದತ್ತ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಬಾನೆಟ್ಟಿನಡಿಯ ಡಬ್ಬಿಯಲ್ಲಿ ದ್ರವದ ಮಟ್ಟ ಕುಸಿಯುತ್ತಿದ್ದರೆ ಸೋರಿಕೆ ಹೊರಗಿನದು. ಚಕ್ರದ ಒಳಬದಿ, ರಬ್ಬರ್ ಹೋಸ್, ವೀಲ್ ಸಿಲಿಂಡರ್‌ಗಳಲ್ಲಿ ಒದ್ದೆಯ ಗುರುತು ಕಾಣಿಸುತ್ತದೆ. ಮಟ್ಟ ಇಳಿಯದೆಯೂ ಪೆಡಲ್ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ಸವೆದಿರಬಹುದು; ದ್ರವ ಹೊರಗೆ ಬಾರದೆ ಒಳಗೊಳಗೇ ಹಿಂದಕ್ಕೆ ಜಾರುತ್ತಿರುತ್ತದೆ. ಕಣ್ಣಿಗೆ ಕಾಣದ ಕಾರಣಕ್ಕೆ ಹೆಚ್ಚು ಮೋಸ ಮಾಡುವ ದೋಷ ಇದು.

ಮೂರನೆಯ ಲಕ್ಷಣವೇ ಘಟ್ಟದ ಪ್ರಯಾಣಿಕರಿಗೆ ಅತಿ ಮುಖ್ಯವಾದುದು. ಬೆಳಿಗ್ಗೆ ಮನೆಯಿಂದ ಹೊರಟಾಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ. ಅರ್ಧ ಗಂಟೆ ಇಳಿಜಾರಿನಲ್ಲಿ ಬ್ರೇಕ್ ತುಳಿದ ಮೇಲೆ ಮೆತ್ತಗಾಗುತ್ತದೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆ. ಇದು ಬ್ರೇಕ್ ದ್ರವ ಕುದಿದು ಆವಿಯಾಗುತ್ತಿರುವುದರ ಲಕ್ಷಣ.

ಇನ್ನೊಂದು ಗೊಂದಲವನ್ನೂ ನಿವಾರಿಸಿಕೊಳ್ಳಬೇಕು. ಪೆಡಲ್ ಮೇಲೆ ಕಾಲಿಟ್ಟು ಎಂಜಿನ್ ಚಾಲೂ ಮಾಡಿದಾಗ ಅದು ಸ್ವಲ್ಪ ಕೆಳಗಿಳಿದರೆ ಗಾಬರಿ ಬೇಡ. ಬೂಸ್ಟರ್ ಸರಿಯಾಗಿದೆ ಎನ್ನುವುದಕ್ಕೆ ಅದೇ ಗುರುತು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ, ಎಷ್ಟು ತುಳಿದರೂ ಕಾರು ನಿಲ್ಲದಿದ್ದರೆ ಅದು ಬೂಸ್ಟರಿನದೋ ಅತಿಯಾಗಿ ಕಾದ ಪ್ಯಾಡುಗಳದೋ ದೋಷ. ಅಪಾಯ ಕಡಿಮೆಯೇನಲ್ಲ, ಆದರೆ ರೋಗ ಬೇರೆ, ಮದ್ದೂ ಬೇರೆ.

ನೀರು ಕುಡಿಯುವ 'ಆಯಿಲ್'

ಗ್ಯಾರೇಜುಗಳ ಭಾಷೆಯಲ್ಲಿ 'ಬ್ರೇಕ್ ಆಯಿಲ್' ಎಂದೇ ಕರೆಯಲಾದರೂ ಬ್ರೇಕ್ ದ್ರವ ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಡಾಟ್ 3 ಮತ್ತು ಡಾಟ್ 4 ದರ್ಜೆಯ ದ್ರವಗಳು ಗ್ಲೈಕಾಲ್ ಆಧಾರಿತವಾದವು. ಉಪ್ಪಿನಂತೆ ಇವೂ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತವೆ. ಕಾರು ಓಡಲಿ, ಶೆಡ್ಡಿನಲ್ಲಿ ನಿಂತಿರಲಿ, ರಬ್ಬರ್ ಹೋಸುಗಳ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ತೇವ ಒಳಸೇರುತ್ತಲೇ ಇರುತ್ತದೆ. ವರ್ಷದ ಬಹುಭಾಗ ಗಾಳಿಯಲ್ಲಿ ತೇವ ತುಂಬಿರುವ ಕರಾವಳಿ ಮತ್ತು ಮಲೆನಾಡಿನಲ್ಲಿ ಇದನ್ನು ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕಾಗುತ್ತದೆ.

ಇದರ ಪರಿಣಾಮ ಅಂಕಿಗಳಲ್ಲೇ ಸ್ಪಷ್ಟವಾಗುತ್ತದೆ. ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಸುಮಾರು ಶೇ 3.7ರಷ್ಟು ನೀರು ಸೇರಿದ ಮೇಲೆ ಅದೇ ದ್ರವಕ್ಕೆ ನಿಗದಿಯಾದ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ರಲ್ಲಿ ಈ ಮಿತಿ 230ರಿಂದ 155ಕ್ಕೆ ಇಳಿಯುತ್ತದೆ. ಡಬ್ಬಿಯಲ್ಲಿ ದ್ರವ ತುಂಬಿಯೇ ಇರುತ್ತದೆ, ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಶಾಖವನ್ನು ತಡೆದುಕೊಳ್ಳುವ ಶಕ್ತಿ ಮಾತ್ರ ಕ್ಷೀಣಿಸಿರುತ್ತದೆ.

ಆ ಶಾಖವಾದರೂ ಎಷ್ಟು? ಧರ್ಮಸ್ಥಳಕ್ಕೋ ಕುಕ್ಕೆ ಸುಬ್ರಹ್ಮಣ್ಯಕ್ಕೋ ಕುಟುಂಬವೊಂದು ಲಗೇಜಿನ ಸಮೇತ ಹೊರಟಿದೆ ಎಂದುಕೊಳ್ಳೋಣ. ಏಳು ಮಂದಿ ಕುಳಿತ ವಾಹನದ ಒಟ್ಟು ತೂಕ 2,000 ಕಿಲೋ ಎಂದು ಹಿಡಿದರೆ, 500 ಮೀಟರ್ ಎತ್ತರ ಇಳಿಯುವಷ್ಟರಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 30 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಗೇರ್ ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿದರೆ ಇದರ ಒಂದು ಪಾಲನ್ನು ಎಂಜಿನ್ ಹೊರುತ್ತದೆ. ನ್ಯೂಟ್ರಲ್ ಮಾಡಿ ಇಳಿದರೆ ಬಹುತೇಕ ಹೊರೆ ಬ್ರೇಕಿನ ಮೇಲೆಯೇ ಬೀಳುತ್ತದೆ.

ನ್ಯೂಟ್ರಲ್‌ನಲ್ಲಿ ಇಳಿದರೆ ಇಂಧನ ಉಳಿಯುತ್ತದೆ ಎಂಬ ನಂಬಿಕೆ ಇನ್ನೂ ಜೀವಂತವಾಗಿದೆ. ಇಂದಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್ ಹಾಕಿಕೊಂಡೇ ಆಕ್ಸಲರೇಟರ್ ಬಿಟ್ಟು ಇಳಿದಾಗ ಇಂಧನ ಪೂರೈಕೆಯೇ ಕಡಿತಗೊಳ್ಳುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಲು ಇಂಧನ ಖರ್ಚಾಗುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಸುರಕ್ಷತೆಯೂ ಇಲ್ಲ.

ಕಾರುಗಳಲ್ಲಿ ಬ್ರೇಕ್ ವ್ಯವಸ್ಥೆಯನ್ನು ಎರಡು ಪ್ರತ್ಯೇಕ ಮಾರ್ಗಗಳಾಗಿ ವಿಭಜಿಸಿರುತ್ತಾರೆ. ಒಂದು ಮಾರ್ಗದಲ್ಲಿ ಕೊಳವೆ ಒಡೆದರೂ ಇನ್ನೊಂದು ಮಾರ್ಗ ಕಾರನ್ನು ನಿಲ್ಲಿಸಲಿ ಎಂಬುದು ಉದ್ದೇಶ. ಈ ಏರ್ಪಾಡು ಸೋರಿಕೆಯಿಂದ ರಕ್ಷಿಸುತ್ತದೆ; ಆದರೆ ಎರಡೂ ಮಾರ್ಗಗಳಲ್ಲಿ ಇರುವುದು ಒಂದೇ ಹಳೆಯ ದ್ರವ. ಅದು ಕುದಿಯಲಾರಂಭಿಸಿದರೆ ಎರಡೂ ಒಟ್ಟಿಗೇ ದುರ್ಬಲವಾಗುತ್ತವೆ.

ಮೇಲಿಂದ ಸುರಿದರೆ ಸಾಲದು

ಪೆಡಲ್ ಮೆತ್ತಗಾಗಿದೆ ಎಂದು ದೂರಿದಾಗ ಎಷ್ಟೋ ಕಡೆ ಸಿಗುವ ಚಿಕಿತ್ಸೆ ಎಂದರೆ ಡಬ್ಬಿಗೆ ಒಂದಿಷ್ಟು ಹೊಸ ದ್ರವ ಸುರಿಯುವುದು. ಇದರಿಂದ ಎರಡು ಅನರ್ಥಗಳಾಗುತ್ತವೆ. ಪ್ಯಾಡುಗಳು ಸವೆದಾಗ ಅಥವಾ ಸೋರಿಕೆ ಇದ್ದಾಗ ದ್ರವದ ಮಟ್ಟ ಇಳಿಯುತ್ತದೆ. ಕಾರಣ ಹುಡುಕದೆ ಭರ್ತಿ ಮಾಡಿದರೆ ಆ ಎಚ್ಚರಿಕೆಯೇ ಮರೆಯಾಗುತ್ತದೆ. ಅಲ್ಲದೆ ಎಂಜಿನ್ ಆಯಿಲ್ ಸುತ್ತುವಂತೆ ಬ್ರೇಕ್ ದ್ರವ ಸುತ್ತುವುದಿಲ್ಲ. ಮೇಲೆ ಸುರಿದ ಹೊಸ ದ್ರವ ಮೇಲೆಯೇ ಉಳಿಯುತ್ತದೆ. ಶಾಖ ತಗಲುವ ಚಕ್ರದ ಬಳಿ ಅದೇ ಹಳೆಯ, ನೀರು ಕುಡಿದ ದ್ರವ ನಿಂತಿರುತ್ತದೆ.

ಸರಿಯಾದ ಕ್ರಮವೆಂದರೆ ಹಳೆಯ ದ್ರವವನ್ನು ಪ್ರತಿ ಚಕ್ರದಿಂದಲೂ ಹೊರಹಾಕುವುದು. ಇದಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿಯ ಬ್ಲೀಡರ್ ನಿಪ್ಪಲ್ ಸಡಿಲಿಸಿ, ಪಾರದರ್ಶಕ ಕೊಳವೆಯ ಮೂಲಕ ದ್ರವವನ್ನು ಬಾಟಲಿಗೆ ಬಿಡುತ್ತಾರೆ. ಪೆಡಲ್ ಬಿಡುವ ಮೊದಲೇ ನಿಪ್ಪಲ್ ಬಿಗಿಯುತ್ತಾರೆ. ಗುಳ್ಳೆಗಳು ನಿಂತು ತಿಳಿಯಾದ ಹೊಸ ದ್ರವ ಬರುವವರೆಗೂ ಇದನ್ನು ಮುಂದುವರಿಸಬೇಕು. ಈ ನಡುವೆ ಮೇಲಿನ ಡಬ್ಬಿ ಬರಿದಾದರೆ ಮತ್ತೆ ಗಾಳಿ ಒಳಹೊಕ್ಕು ಮಾಡಿದ ಕೆಲಸವೆಲ್ಲ ವ್ಯರ್ಥವಾಗುತ್ತದೆ. ಯಾವ ಚಕ್ರ ಮೊದಲು, ಯಾವುದು ನಂತರ ಎಂಬುದು ಪ್ರತಿ ಕಾರಿನ ಕೈಪಿಡಿಯಲ್ಲಿ ನಿಗದಿಯಾಗಿರುತ್ತದೆ.

ಇಲ್ಲಿಯೂ ಕೆಲವು ಎಚ್ಚರಿಕೆಗಳು ಅಗತ್ಯ. ಹಳೆಯ ಕಾರಿನಲ್ಲಿ ಪೆಡಲನ್ನು ನೆಲಮುಟ್ಟ ತುಳಿದರೆ ಮಾಸ್ಟರ್ ಸಿಲಿಂಡರಿನ ಸೀಲ್ ಎಂದೂ ತಲಪದ, ತುಕ್ಕು ಹಿಡಿದ ಭಾಗಕ್ಕೆ ಉಜ್ಜಿ ಹರಿಯಬಹುದು. ಅನುಭವಿ ಮೆಕ್ಯಾನಿಕ್‌ಗಳು ಪೆಡಲಿನಡಿ ಮರದ ತುಂಡು ಇಡುವುದು ಇದಕ್ಕೇ. ಬಹಳ ದಿನ ತೆರೆದಿಟ್ಟ ಬಾಟಲಿಯ ದ್ರವ ಬಳಸಬಾರದು. ಅದು ಆಗಲೇ ತೇವ ಹೀರಿರುತ್ತದೆ. ತಪ್ಪಿಯೂ ಎಂಜಿನ್ ಆಯಿಲ್ ಹಾಕಬಾರದು. ರಬ್ಬರ್ ಭಾಗಗಳೆಲ್ಲ ಉಬ್ಬಿ ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಎಬಿಎಸ್ ಇರುವ ಕೆಲವು ಮಾದರಿಗಳಲ್ಲಿ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯಲು ಕಂಪ್ಯೂಟರ್ ಸ್ಕ್ಯಾನರ್ ಬೇಕಾಗುತ್ತದೆ. 2019ರ ಏಪ್ರಿಲ್‌ನಿಂದ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಆ ಕಾರುಗಳು ಈಗ ಸಣ್ಣ ಊರುಗಳ ಗ್ಯಾರೇಜುಗಳಿಗೂ ಬರುತ್ತಿವೆ, ಸ್ಕ್ಯಾನರ್ ಎಲ್ಲ ಕಡೆಗೂ ತಲಪಿಲ್ಲ.

ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ ಬದಲಿಸಬೇಕು ಎಂದು ಅನೇಕ ತಯಾರಕರು ಕೈಪಿಡಿಯಲ್ಲೇ ಸೂಚಿಸಿರುತ್ತಾರೆ. ದ್ರವದ ಬೆಲೆ ಕೆಲವು ನೂರು ರೂಪಾಯಿ, ಕೆಲಸ ಹೆಚ್ಚೆಂದರೆ ಒಂದೆರಡು ಗಂಟೆ. ಎಂಜಿನ್ ಆಯಿಲ್ ಬದಲಿಸಿದ ಕಿಲೋಮೀಟರನ್ನು ಕರಾರುವಾಕ್ಕಾಗಿ ಹೇಳಬಲ್ಲ ಕಾರು ಮಾಲೀಕರಲ್ಲಿ ಬ್ರೇಕ್ ದ್ರವ ಬದಲಿಸಿದ ವರ್ಷವನ್ನು ಹೇಳಬಲ್ಲವರು ಎಷ್ಟು ಮಂದಿ ಎಂಬುದು ಪ್ರಶ್ನಾರ್ಹ.

ಸಾಕ್ಷ್ಯ ಉಳಿಸದ ದೋಷ

ಕುದಿದ ದ್ರವದ ಇನ್ನೊಂದು ಗುಣ ತನಿಖೆಯ ದೃಷ್ಟಿಯಿಂದ ಗಮನಾರ್ಹ. ಬ್ರೇಕ್ ತಣ್ಣಗಾದೊಡನೆ ಆವಿ ಮತ್ತೆ ದ್ರವವಾಗುತ್ತದೆ. ಪೆಡಲ್ ಬಹುಮಟ್ಟಿಗೆ ಗಟ್ಟಿಯಾಗುತ್ತದೆ. ಅಪಘಾತವಾದ ವಾಹನವನ್ನು ಪರಿಶೀಲಿಸಲು ಮೋಟಾರು ವಾಹನ ಕಾಯ್ದೆಯ 136ನೇ ಕಲಂನಲ್ಲಿ ಅವಕಾಶವಿದೆ. ಅದರಂತೆ ಮೋಟಾರು ವಾಹನ ನಿರೀಕ್ಷಕರು ವಾಹನವನ್ನು ನೋಡಿ, ಅಪಘಾತಕ್ಕೆ ಯಾಂತ್ರಿಕ ದೋಷ ಕಾರಣವೇ ಅಲ್ಲವೇ ಎಂದು ವರದಿ ನೀಡುತ್ತಾರೆ. ಪರಿಶೀಲನೆ ನಡೆಯುವ ವೇಳೆಗೆ ವಾಹನ ಪೊಲೀಸ್ ಠಾಣೆಯ ಆವರಣದಲ್ಲಿ ತಣ್ಣಗೆ ನಿಂತಿರುತ್ತದೆ. ಕೊಳವೆ ಒಡೆದಿಲ್ಲ, ಸೋರಿಕೆ ಇಲ್ಲ, ಪೆಡಲ್ ಒತ್ತಿದರೆ ನಿಲ್ಲುತ್ತದೆ. ಹಾಗಿದ್ದಾಗ 'ಯಾಂತ್ರಿಕ ದೋಷವಿಲ್ಲ' ಎಂಬ ವರದಿ ಬಂದರೆ ಆಶ್ಚರ್ಯವಿಲ್ಲ. ಚಾಲಕ ಸುಳ್ಳು ಹೇಳಿದ ಎಂದು ಒಂದು ಕಡೆ, ಬ್ರೇಕ್ ಫೇಲ್ ಆಯಿತು ಎಂದು ಇನ್ನೊಂದು ಕಡೆ ವಾದ ನಡೆಯುತ್ತದೆ. ಡಬ್ಬಿಯಲ್ಲಿನ ದ್ರವದ ವಯಸ್ಸೆಷ್ಟು ಎಂಬ ಪ್ರಶ್ನೆ ಮಾತ್ರ ಉಳಿದೇಹೋಗುತ್ತದೆ.

ಬ್ರೇಕ್ ವೈಫಲ್ಯ ಎಂಬುದು ಚಾಲಕರ ನೆಪವೂ ಆಗಿರಬಹುದು ಎಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇವುಗಳಲ್ಲಿ ಶೇ 70ಕ್ಕೂ ಹೆಚ್ಚು ಸಾವುಗಳನ್ನು ಅತಿವೇಗದ ಲೆಕ್ಕಕ್ಕೆ ಸೇರಿಸಲಾಗಿದೆ. ಆದರೆ ಆ ವರ್ಗೀಕರಣ ಆಧರಿಸಿರುವುದು ಸಂಚಾರ ನಿಯಮಗಳ ಉಲ್ಲಂಘನೆಯನ್ನು: ಅತಿವೇಗ, ಕುಡಿದು ಚಾಲನೆ, ವಿರುದ್ಧ ದಿಕ್ಕಿನ ಚಾಲನೆ, ಕೆಂಪು ದೀಪ ಉಲ್ಲಂಘನೆ, ಮೊಬೈಲ್ ಬಳಕೆ. ಇಳಿಜಾರಿನಲ್ಲಿ ಬ್ರೇಕ್ ಕಳೆದುಕೊಂಡ ವಾಹನವೂ ಕೊನೆಗೆ ಅತಿವೇಗದಲ್ಲೇ ಡಿಕ್ಕಿ ಹೊಡೆಯುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಕಾನೂನಿನ ದೃಷ್ಟಿ, ತಪಾಸಣೆಯ ಕುರುಡು

ನ್ಯಾಯಾಲಯಗಳು ಈ ವಿಚಾರದಲ್ಲಿ ಬಹಳ ಹಿಂದೆಯೇ ಸ್ಪಷ್ಟ ನಿಲುವು ತಳೆದಿವೆ. 1969ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಹೆಂಡರ್ಸನ್ ಪ್ರಕರಣದಲ್ಲಿ ಲಾರಿ ಮಾಲೀಕರ ವಾದವನ್ನು ತಳ್ಳಿಹಾಕಿತು. ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಕೊಳವೆ ತುಕ್ಕು ತಿಂದು ಒಡೆದು, ದ್ರವ ಸೋರಿ, ವ್ಯಕ್ತಿಯೊಬ್ಬರು ಮೃತಪಟ್ಟಿದ್ದರು. ತುಕ್ಕು ಹಿಡಿದ ಭಾಗ ಕಳಚದೆ ಕಾಣುವಂತಿರಲಿಲ್ಲ ಎಂಬುದಷ್ಟೇ ಸಾಲದು, ತಾವು ಅಗತ್ಯ ಎಚ್ಚರ ವಹಿಸಿದ್ದೆವೆಂದು ಮಾಲೀಕರೇ ತೋರಿಸಬೇಕು ಎಂಬುದು ಆ ತೀರ್ಪಿನ ಸಾರ. ಭಾರತದ ಸುಪ್ರೀಂ ಕೋರ್ಟ್ ಕೂಡ 1977ರ ಮಿನು ಬಿ. ಮೆಹ್ತಾ ಪ್ರಕರಣದಲ್ಲಿ ಇದೇ ಜಾಡಿನಲ್ಲಿ ಸಾಗಿ, ಯಾಂತ್ರಿಕ ದೋಷದಿಂದ ಅಪಘಾತವಾಯಿತು ಎಂದು ಸಾಬೀತುಪಡಿಸುವ ಹೊಣೆ ಮಾಲೀಕರದೇ ಎಂದು ಹೇಳಿತು. ಅಂದರೆ 'ಬ್ರೇಕ್ ಫೇಲ್' ಎಂಬ ಎರಡು ಪದಗಳು ಯಾರನ್ನೂ ಹೊಣೆಯಿಂದ ಮುಕ್ತಗೊಳಿಸುವುದಿಲ್ಲ.

ತಯಾರಿಕೆಯಲ್ಲೇ ದೋಷವಿದ್ದರೆ ಅದಕ್ಕೂ ಈಗ ಕಾನೂನಿದೆ. 2019ರ ತಿದ್ದುಪಡಿಯ ನಂತರ ದೋಷಯುಕ್ತ ವಾಹನಗಳನ್ನು ವಾಪಸು ಕರೆಸುವ ಅಧಿಕಾರ ಸರ್ಕಾರಕ್ಕೆ ದೊರೆತಿದೆ. 2022ರ ಅಕ್ಟೋಬರ್‌ನಲ್ಲಿ ಮಾರುತಿ ಸುಜುಕಿ ಕಂಪನಿ ಹಿಂದಿನ ಬ್ರೇಕಿನ ಪಿನ್ನಿನಲ್ಲಿ ದೋಷವಿರುವ ಶಂಕೆಯ ಮೇಲೆ 9,925 ಕಾರುಗಳನ್ನು ವಾಪಸು ಕರೆಸಿಕೊಂಡದ್ದುಂಟು.

ಆದರೆ ನಿರ್ವಹಣೆಯ ಕೊರತೆಗೆ ಇಂಥ ಕಾವಲಿಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಗಳ ಅವಧಿಯದು. ನವೀಕರಣಕ್ಕೆ ಬಂದಾಗ ಮಾತ್ರ ಅದರ ಯೋಗ್ಯತೆಯ ಪರೀಕ್ಷೆ. ಅನಂತರ ಐದು ವರ್ಷಕ್ಕೊಮ್ಮೆ. ಅಂದರೆ ಮೊದಲ 15 ವರ್ಷ ಕಾರಿನ ಬ್ರೇಕನ್ನು ಯಾವ ಪ್ರಾಧಿಕಾರವೂ ಕಡ್ಡಾಯವಾಗಿ ನೋಡುವುದಿಲ್ಲ. ಅದೇ ಕಾರಿನ ಹೊಗೆಯನ್ನು ಮೊದಲ ವರ್ಷದ ನಂತರ ಕಾಲಕಾಲಕ್ಕೆ ಪರೀಕ್ಷಿಸಿ ಪ್ರಮಾಣಪತ್ರ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ದಂಡ. ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿವರ್ಷ ತಪಾಸಣೆ ಇದೆ. ಜಪಾನ್ ಮತ್ತು ಜರ್ಮನಿಯಲ್ಲಿ ಮೂರು ವರ್ಷದ ನಂತರ ಎರಡು ವರ್ಷಕ್ಕೊಮ್ಮೆ ಇದೆ.

ಬಾಡಿಗೆ ವಾಹನಗಳ ಸ್ಥಿತಿ ಇದಕ್ಕಿಂತ ಮೇಲು. ಹೊಸ ವಾಹನಕ್ಕೆ ಮೊದಲ ಎರಡು ವರ್ಷ ವಿನಾಯಿತಿ. ಆಮೇಲೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ 'ಎಫ್‌ಸಿ' ಮಾಡಿಸಬೇಕು. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ಸಂಬಂಧಿಸಿದ ನಿಯಮಗಳನ್ನು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ರೋಲರ್ ಯಂತ್ರಗಳು ಪ್ರತಿ ಚಕ್ರದ ಬ್ರೇಕಿನ ಬಲವನ್ನು ಅಳೆಯಬಲ್ಲವು, ಇದು ಸ್ವಾಗತಾರ್ಹ. ಆದರೆ ತಣ್ಣಗಿನ ಬ್ರೇಕನ್ನು ಕೆಲವು ಸೆಕೆಂಡು ಪರೀಕ್ಷಿಸುವ ಯಂತ್ರಕ್ಕೆ, ಚಾರ್ಮಾಡಿಯ ಇಳಿಜಾರಿನಲ್ಲಿ ಅರ್ಧ ಗಂಟೆಯ ನಂತರ ಏನಾದೀತು ಎಂಬುದು ಗೊತ್ತಾಗುವುದಿಲ್ಲ.

ಆಗಬೇಕಾದುದು

ಖಾಸಗಿ ಕಾರುಗಳಿಗೂ ಪ್ರತಿವರ್ಷ ತಪಾಸಣೆ ಕಡ್ಡಾಯ ಮಾಡಿದರೆ ಸಾರಿಗೆ ಕಚೇರಿಗಳ ಮುಂದೆ ಸರತಿ ಸಾಲು, ಮಧ್ಯವರ್ತಿಗಳ ಹಾವಳಿ ಹೆಚ್ಚೀತು ಎಂಬ ಆತಂಕ ನಿರಾಧಾರವಲ್ಲ. ಹಾಗಾಗಿ ಸಣ್ಣ ಹೆಜ್ಜೆಗಳಿಂದ ಆರಂಭಿಸುವುದು ವಿವೇಕ. ಬ್ರೇಕ್ ದ್ರವದ ಕುದಿಬಿಂದುವನ್ನು ಅಳೆಯುವ ಉಪಕರಣಗಳು ಲಭ್ಯವಿವೆ. ಎಫ್‌ಸಿ ವೇಳೆ ಈ ಒಂದು ಪರೀಕ್ಷೆ ಸೇರಿಸಬಹುದು. ದ್ರವ ಬದಲಿಸಿದ ದಿನಾಂಕದ ಚೀಟಿಯನ್ನು ಬಾನೆಟ್ಟಿನಡಿ ಅಂಟಿಸುವುದನ್ನು ಗ್ಯಾರೇಜುಗಳಿಗೆ ಕಡ್ಡಾಯ ಮಾಡಬಹುದು. ಅಪಘಾತದ ತನಿಖೆಯಲ್ಲಿ ದ್ರವದ ಮಾದರಿ ಸಂಗ್ರಹಿಸಿ ತೇವಾಂಶ ಪರೀಕ್ಷಿಸಿದರೆ, ವಾಹನ ತಣ್ಣಗಾದರೂ ಸಾಕ್ಷ್ಯ ಉಳಿಯುತ್ತದೆ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಾಗಿಯೂ ಇಲ್ಲ. ಘಟ್ಟ ಇಳಿಯುವ ಮೊದಲು ಪೆಡಲನ್ನು ಒತ್ತಿ ನೋಡಿ, ದ್ರವದ ವಯಸ್ಸು ಕೇಳಿ, ಏರುವಾಗ ಬಳಸುವ ಗೇರಿನಲ್ಲೇ ಇಳಿಯುವುದು ಪ್ರತಿಯೊಬ್ಬ ಚಾಲಕನಿಗೂ ಸಾಧ್ಯ. ದಾರಿಯಲ್ಲೇ ಪೆಡಲ್ ಮೆತ್ತಗಾದರೆ ಬೇಗಬೇಗನೆ ಒತ್ತಿ ಒತ್ತಡ ಕೂಡಿಸಿಕೊಂಡು, ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ನಿಧಾನವಾಗಿ ಎಳೆದು ಬದಿಗೆ ನಿಲ್ಲಿಸಬೇಕು. ಎಂಜಿನ್ ಮಾತ್ರ ಆರಿಸಬಾರದು. ತಣ್ಣಗಾದ ಮೇಲೆ ಪೆಡಲ್ ಸರಿಹೋಯಿತೆಂದು ಪ್ರಯಾಣ ಮುಂದುವರಿಸಿದರೆ ಮುಂದಿನ ತಿರುವಿನಲ್ಲಿ ಅದೇ ಕಥೆ ಮರುಕಳಿಸಬಹುದು.

ಬಾಡಿಗೆಗೆ ಗಾಡಿ ಗೊತ್ತುಮಾಡುವಾಗ ಕಿಲೋಮೀಟರಿಗೆ ಎಷ್ಟು, ಎಸಿ ಇದೆಯೇ ಎಂದು ಕೇಳುವ ಕುಟುಂಬಗಳು ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ ಎಂದೂ ಕೇಳಬೇಕು. ಉತ್ತರಿಸಲು ಮಾಲೀಕರು ತಡವರಿಸಿದರೆ, ಆ ಗಾಡಿಯಲ್ಲಿ ಘಟ್ಟ ಇಳಿಯದಿರುವುದೇ ಕ್ಷೇಮ.